ಸಾಕಿನಾಕಾದಲ್ಲಿ ಒಂದು ವೋಲ್ಟಿನ ಸುತ್ತ

ಭರೂಚಾ ಸಾಹೇಬರ ಸಾಗವಾನಿ ಪೆಟ್ಟಿಗೆಯಲ್ಲಿ
ಗಾಜಿನ ಕೊಳವೆಯ ಹಳೇ ಸೆಲ್ಲು.
ಪಾದರಸ, ಕ್ಯಾಡ್ಮಿಯಂ ಕೂಡಿ ಅರವತ್ತು ವರ್ಷದಿಂದ
ಒಂದೇ ಮಾತು ಹೇಳುತ್ತ ಕೂತಿದೆ:
ಒಂದು ವೋಲ್ಟು, ಮೇಲೊಂದಿಷ್ಟು.
ಆ ಒಂದಿಷ್ಟು ಎಷ್ಟು, ಅದು ನನ್ನ ಕೆಲಸ.

"ವಾಲಿಸಬೇಡ. ಬಿಸಿಲಿಗಿಡಬೇಡ.
ಮುಖ್ಯವಾಗಿ ಅವಳಿಂದ ಏನನ್ನೂ ಎಳೀಬೇಡ.
ಒಂದು ಗುಟುಕು ಕರೆಂಟು ಎಳೆದರೂ
ವಾರಗಟ್ಟಲೆ ಸುಳ್ಳು ಹೇಳ್ತಾಳೆ."
ಹಿಂದಿಗೆ ಗುಜರಾತಿ ಬೆರೆಸಿ ಇಷ್ಟು ಹೇಳಿ
ಮುಚ್ಚಳ ಮುಚ್ಚಿದರು.

ಲ್ಯಾಮಿಂಗ್ಟನ್ ರೋಡಿಗೆ ಹೋದೆ.
ಹನ್ನೆರಡು ಬಿಟ್ಟಿನದು ಕಡಲೆಬೀಜದ ಬೆಲೆಗೆ ಇತ್ತು.
ಹದಿನಾರರದು ಬಲು ಚುರುಕು,
ಸೆಕೆಂಡಿಗೆ ಲಕ್ಷ ಸಲ ನೋಡುತ್ತದಂತೆ;
ಲಕ್ಷ ಸಲ ನೋಡುವ ಕಣ್ಣಿಗೆ
ಒಂದನ್ನು ದಿಟ್ಟಿಸುವ ತಾಳ್ಮೆ ಎಲ್ಲಿಂದ ಬರಬೇಕು?
ನನಗೆ ನಿಧಾನದ್ದು ಬೇಕು. ಸೆಕೆಂಡಿಗೆ ಹತ್ತೇ ಉತ್ತರ,
ಒಂದೊಂದರ ಹಿಂದೆಯೂ ಸಾವಿರಾರು ಸಣ್ಣ ಹೌದು-ಅಲ್ಲಗಳ ಸರಾಸರಿ.
ಗೋಡೆಯೊಳಗಿನ ತಂತಿಗಳ ಐವತ್ತು ಹರ್ಟ್ಸಿನ ಗುಂಯ್ಗುಟ್ಟು
ಏರಿದಷ್ಟೇ ಇಳಿದು ತನ್ನನ್ನೇ ಅಳಿಸಿಕೊಳ್ಳುವಷ್ಟು ಬಿಡುವು.

"ಇಪ್ಪತ್ನಾಲ್ಕು ಬಿಟ್, ಅಸಲಿ ಮಾಲು" ಎಂದ ತಲ್ರೇಜಾ.
ಚಿಪ್ಪಿನ ಬೆನ್ನ ಮೇಲಿನ ಹೆಸರು
ಅಸಿಟೋನಿನ ಹತ್ತಿಗೆ ಅಂಟಿ ಬಂತು.
ಎರಡನೆಯದನ್ನು ಬೇರೆ ಅಂಗಡಿಯಲ್ಲಿ ಕೊಂಡೆ.

ನಾಲ್ಕು ತಂತಿ:
ತಾಳ ಹಾಕುವುದೊಂದು, ಹೆಸರು ಹಿಡಿದು ಕರೆಯುವುದೊಂದು,
ಕೇಳುವುದು, ಹೇಳುವುದು.
ಐದನೆಯದು ಉತ್ತರ ಸಿದ್ಧವಾದಾಗ ತಲೆ ತಗ್ಗಿಸುತ್ತದೆ.
ಅದಕ್ಕೆ ಮೊದಲೇ ಕೈಯೊಡ್ಡಿದರೆ
ಸಿಗುವುದು ನಿನ್ನೆಯ ತಂಗಳು.

ಮೊದಲ ರಾತ್ರಿ ಎರಡೂ ಇನ್‌ಪುಟ್ಟು ಕೂಡಿಸಿ ಸೊನ್ನೆ ಕೇಳಿದೆ.
ಒಂದು ಕೋಟಿ ಅರವತ್ತೇಳು ಲಕ್ಷ
ಎಪ್ಪತ್ತೇಳು ಸಾವಿರದ ಇನ್ನೂರ ಹದಿನೈದು, ಅಂದಿತು.
ಬೆಸುಗೆಯನ್ನು ಬೈದೆ, ಚಿಪ್ಪನ್ನು ಬೈದೆ,
ಪಾಪ, ಇದನ್ನು ಮಾರದ ತಲ್ರೇಜಾನನ್ನೂ ಬೈದೆ.
ಎರಡು ಗಂಟೆಗೆ ಹೊಳೆಯಿತು, ಅದು ಮೈನಸ್ ಒಂದು.
ಸೊನ್ನೆಗಿಂತ ಒಂದೇ ಮೆಟ್ಟಿಲು ಕೆಳಗೆ ನಿಂತು
ಸರಿಯಾಗೇ ಹೇಳಿತ್ತು.
ಇಳಿದವರ ಲೆಕ್ಕ ಓದಲು ಬಾರದವಳು ನಾನು.

ಆಮೇಲೆ ಸೆಲ್ಲು. ನಡುವೆ ಒಂದು ಬಫರು,
ಮನೆಗೆ ಬಂದು ಎಲ್ಲ ಕೇಳಿಸಿಕೊಂಡು
ನೀರೂ ಮುಟ್ಟದೆ ಏಳುವ ನೆಂಟನಂಥದು.
೧.೦೧೮೨೫
ಇಷ್ಟು ನಿಂತಿತು. ಮುಂದಿನ ಅಂಕಿಗಳು ಬಾಣಲೆಯ ಸಾಸಿವೆ.
ಕೊನೆಯ ಮೆಟ್ರೋ ಘಾಟ್ಕೋಪರಿಗೆ ಹೋಯಿತು, ಜಿಗಿದವು.
ಬೆರಳು ಮುಟ್ಟಿದ ತಾಮ್ರ ಬೆಚ್ಚಗಾಯಿತು, ಎರಡು ಮೈಕ್ರೋವೋಲ್ಟು.
ಫ್ಯಾನು.
ನನ್ನ ಉಸಿರು.
ಸಪ್ಲೈ ಕಿತ್ತು ಬ್ಯಾಟರಿ ಕಟ್ಟಿದೆ,
ಬೇರೆ ಬೇರೆ ಹರಿದ ಎರಡು ಗ್ರೌಂಡನ್ನು ಒಂದೇ ಚುಕ್ಕೆಯಲ್ಲಿ ಬೆಸೆದೆ,
ಕಡೆಗೆ ಟಿಫಿನ್ನಿನ ಸ್ಟೀಲ್ ಡಬ್ಬಿ ತೊಳೆದು ಒರೆಸಿ
ಬೋರ್ಡಿನ ಮೇಲೆ ಮಗುಚಿದೆ.
ಝುಣಕದ ವಾಸನೆಯ ಆ ಕತ್ತಲಲ್ಲಿ
ಸಾಸಿವೆ ಅರ್ಧ ತಣ್ಣಗಾಯಿತು.

ಒಂದು ಮಾತ್ರ ಬಗೆಹರಿಯಲಿಲ್ಲ.
ಎಲ್ಲರನ್ನೂ ಅಳೆಯುವ ಎರಡೂವರೆ ವೋಲ್ಟಿನ ಮೊಳಕೋಲು,
ಚಿಪ್ಪಿನ ಪಕ್ಕದಲ್ಲೇ ಕೂತ ರೆಫರೆನ್ಸು,
ಬಿಸಿಗೆ ಹಿಗ್ಗುತ್ತದೆ, ವಯಸ್ಸಿಗೆ ಜಾರುತ್ತದೆ.
ಅದನ್ನು ಅದರಿಂದಲೇ ಅಳೆದರೆ
ಎಂದಿಗೂ ಎರಡೂವರೆಯೇ.
ಗುಲಗಂಜಿಗೆ ತನ್ನ ಕಪ್ಪು ಕಾಣದು ಅನ್ನುತ್ತಿದ್ದಳು
ಅಕ್ಕಲಕೋಟೆಯ ನಮ್ಮಾಯಿ,
ಅಕ್ಕಸಾಲಿಯ ತಕ್ಕಡಿಯನ್ನೇ ನೋಡುತ್ತ.
ಈ ಹಳೇ ಸೆಲ್ಲನ್ನು ನಾನು ಅಳೆದೆನೋ,
ಅವಳೇ ನನ್ನ ಹೊಸ ಚಿಪ್ಪನ್ನು ಅಳೆದಳೋ.

ಬೆಳಿಗ್ಗೆ ವರದಿಯಲ್ಲಿ ಹತ್ತೊಂಬತ್ತು ಬಿಟ್ ಎಂದು ಬರೆದೆ.
ಭರೂಚಾ ಕನ್ನಡಕ ತೆಗೆದರು.
"ಇಪ್ಪತ್ನಾಲ್ಕಕ್ಕೆ ದುಡ್ಡು ಕೊಟ್ಟೆನಲ್ಲ. ಉಳಿದ ಐದು?"
ಕಿಟಕಿ ತೋರಿಸಿದೆ. ಹಾರ್ನು, ವೆಲ್ಡಿಂಗು, ಯಾರದೋ ಮಿಕ್ಸರು.
"ಸಾಕಿನಾಕಾ, ಸಾಹೇಬ್."

ಅವರು ನಗಲಿಲ್ಲ. ಡಬ್ಬಿ ಎತ್ತಲು ಹೋದರು.
ಬೇಡಿ, ಎಂದೆ.
ಇನ್ನೂ ಹತ್ತು ನಿಮಿಷ.